ಬಿರುಗಾಳಿಗೊಂದು ಲೈಸೆನ್ಸು

ಬಿರುಗಾಳಿಯ ಹಿಂದೆ ಓಡುವವರಿಗೆ ಇನ್ನು ಮುಂದೆ ಸರ್ಕಾರ ಲೈಸೆನ್ಸ್ ಕಡ್ಡಾಯ ಮಾಡುತ್ತದಂತೆ ಎಂಬ ಸುದ್ದಿ ಬಂದಾಗ, ಇಡೀ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಸಂತೋಷಪಟ್ಟ ಜೀವಿ ನಾನೊಬ್ಬಳೇ. ಕೆಲವರಿಗೆ ಸಿಟ್ಟು ಬಂದಿತ್ತು. ಕೆಲವರಿಗೆ ನಗು ಬಂದಿತ್ತು. ನನಗೆ ಮಾತ್ರ ಅಂಗಡಿಯ ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ, ಸರ್ಕಾರದ ಮೊಹರಿನ ಸಮೇತ ನನ್ನ ಹೆಸರು ರಾರಾಜಿಸುತ್ತಿರುವುದು ಕಣ್ಣಿಗೆ ಕಟ್ಟಿತ್ತು: ‘ಶ್ರೀಮತಿ ಸರೋಜಾ ನಾಗರಾಜ್, ಅಧಿಕೃತ ಬಿರುಗಾಳಿ ವೀಕ್ಷಕಿ’!

ನನ್ನ ಅಂಗಡಿ ಎಂದರೆ ಬ್ಯೂಟಿ ಪಾರ್ಲರ್. ಹುಬ್ಬು ತೀಡುವುದು, ಮದುವಣಗಿತ್ತಿಯರನ್ನು ಸಿಂಗರಿಸುವುದು ನನ್ನ ಹೊಟ್ಟೆಪಾಡು. ಗಾಳಿಮಳೆಯ ಬೆನ್ನು ಹತ್ತುವುದು ನನ್ನ ಹುಚ್ಚು. ನಮ್ಮ ಕಡೆ ಮಾವು ಬಲಿಯುವ ಹೊತ್ತಿಗೇ ಆಕಾಶಕ್ಕೂ ತಲೆ ಕೆಡುತ್ತದೆ. ಮಧ್ಯಾಹ್ನದವರೆಗೆ ಕೆಂಡದಂಥ ಬಿಸಿಲು. ಸಂಜೆಯಾಗುತ್ತಲೂ ಎಲ್ಲಿಂದಲೋ ಕಪ್ಪು ಮೋಡ, ಗಾಳಿ, ಆಲಿಕಲ್ಲು. ಒಂದು ಸಂಜೆಯ ಗಾಳಿ ಸಾಕು, ವರ್ಷದ ಫಸಲೆಲ್ಲ ನೆಲದ ಮೇಲೆ! ಹಾಗಾಗಿ ಮೋಡ ಎದ್ದ ಕಡೆಗೆ ಸ್ಕೂಟರ್ ಓಡಿಸಿಕೊಂಡು ಹೋಗಿ, ಅದು ಯಾವ ಊರಿಗೆ ಹೊರಟಿದೆ ಎಂದು ಫೋನಿನಲ್ಲಿ ವಿಡಿಯೊ ಮಾಡಿ, ಮಾವಿನ ತೋಟದವರ ಗುಂಪಿಗೆ ಕಳಿಸುತ್ತಿದ್ದೆ. ‘ನಿಮ್ಮ ಕಡೆ ಬರ್ತಾ ಇದೆ, ಕೊಯ್ದಿರೋ ಕಾಯಿ ಒಳಗೆ ಹಾಕ್ಕೊಳ್ಳಿ’ ಎಂದು ಎಚ್ಚರಿಸುತ್ತಿದ್ದೆ. ಹಲವು ಸಲ ನನ್ನ ಮಾತು ನಿಜವಾಗಿದೆ. ನಿಜವಾಗದ ಸಲಗಳನ್ನು ನಾನು ನೆನಪಿಟ್ಟುಕೊಂಡಿಲ್ಲ.

ಈ ಹುಚ್ಚಿನಿಂದ ವ್ಯಾಪಾರಕ್ಕೆ ಸ್ವಲ್ಪ ಪೆಟ್ಟು ಬಿದ್ದದ್ದು ನಿಜ. ಗಿರಿಜಮ್ಮ ಎಂಬುವವರಿಗೆ ಒಂದು ಹುಬ್ಬು ತೀಡಿ ಮುಗಿಸಿ ಇನ್ನೊಂದಕ್ಕೆ ದಾರ ಹಿಡಿದಿದ್ದೆ. ಕಿಟಕಿಯಾಚೆ ಮೋಡ ಕಂಡಿತು. ‘ಎರಡೇ ನಿಮಿಷ ಗಿರಿಜಮ್ಮ, ಬಂದೆ’ ಎಂದು ಹೋದವಳು ಬಂದದ್ದು ಕತ್ತಲಾದ ಮೇಲೆ. ಪಾಪ, ಆಕೆ ಮೊಮ್ಮಗುವಿನ ನಾಮಕರಣಕ್ಕೆ ಅರ್ಧ ಮುಖಕ್ಕೆ ಸೆರಗು ಮುಚ್ಚಿಕೊಂಡು ಹೋದರಂತೆ.

ನನ್ನ ಯಜಮಾನರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಮೆತ್ತಗಿನ ಮನುಷ್ಯ. ಗುಡುಗಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಆದರೂ ನನ್ನೊಬ್ಬಳನ್ನೇ ಕಳಿಸಲು ಮನಸ್ಸೊಪ್ಪದೆ, ಸ್ಕೂಟರಿನ ಹಿಂದಿನ ಸೀಟಿನಲ್ಲಿ ಮಡಿಸಿದ ಛತ್ರಿ ಹಿಡಿದು ಕೂರುತ್ತಿದ್ದರು.

“ಬಿರುಗಾಳಿಗೆ ಛತ್ರಿ ಯಾಕ್ರೀ?” ಎಂದು ಒಮ್ಮೆ ಕೇಳಿದ್ದೆ.

“ಹಿಡ್ಕೊಳ್ಳೋಕೆ ಏನಾದ್ರೂ ಒಂದು ಬೇಕಲ್ವೇನೇ?” ಎಂದಿದ್ದರು.

ಇನ್ನು ನನ್ನ ಪ್ರತಿಸ್ಪರ್ಧಿ. ರಾಯಲ್ಪಾಡು ಕಡೆಯ ರೆಡ್ಡೆಪ್ಪ. ದೊಡ್ಡ ಮಾವಿನ ತೋಟ, ಅದಕ್ಕಿಂತ ದೊಡ್ಡ ಗಂಟಲು. ಬೈಕಿನಲ್ಲಿ ಹೋಗಿ ಮೋಡದ ಕೆಳಗೇ ನಿಂತು, ಅಂಗಿಯ ಗುಂಡಿ ಬಿಚ್ಚಿಕೊಂಡು, “ಒಚ್ಚೇಸಿಂದಿ! ಬಂದ್ಬಿಡ್ತು ಕಣ್ರಪ್ಪೋ! ಒಚ್ಚೇಸಿಂದಿ!” ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅಬ್ಬರಿಸುತ್ತಾ ವಿಡಿಯೊ ಮಾಡುತ್ತಿದ್ದ. ಅದರಲ್ಲಿ ಗಾಳಿಯ ದಿಕ್ಕೂ ತಿಳಿಯದು, ಮೋಡದ ಗಾತ್ರವೂ ತಿಳಿಯದು. ರೆಡ್ಡೆಪ್ಪನ ಎದೆ ಮಾತ್ರ ಕಾಣುತ್ತಿತ್ತು. ಆದರೆ ಊರೂರಿನ ಜನ ಅದನ್ನೇ ನೋಡುತ್ತಿದ್ದರು! ನನ್ನ ವಿಡಿಯೊ ನೋಡುತ್ತಿದ್ದವರು ನನ್ನ ತಂಗಿ ಮತ್ತು, ಸೊಸೆ ಎಲ್ಲೆಲ್ಲಿ ಅಲೆಯುತ್ತಾಳೆ ಎಂದು ತಿಳಿಯುವ ಸಲುವಾಗಿ, ನನ್ನ ಅತ್ತೆ.

ಲೈಸೆನ್ಸ್ ಬಂದರೆ ಇಂಥ ಅನರ್ಹರೆಲ್ಲ ಮನೆ ಸೇರುತ್ತಾರೆ, ನನ್ನಂಥ ಶಿಸ್ತಿನವರು ಮಾತ್ರ ಉಳಿಯುತ್ತಾರೆ. ಇದು ನನ್ನ ಲೆಕ್ಕಾಚಾರ. ಮೇಷ್ಟ್ರ ಹೆಂಡತಿಯಾದರೂ ಲೆಕ್ಕದಲ್ಲಿ ನಾನು ಮೊದಲಿನಿಂದಲೂ ಸ್ವಲ್ಪ ಹಿಂದೆ.

ಊರಲ್ಲೆಲ್ಲ ಅದೇ ಚರ್ಚೆ. ಹೋಟೆಲಿನಲ್ಲಿ ಇಡ್ಲಿ ತಿನ್ನುವವರು ಎರಡು ಪಕ್ಷವಾದರು. “ಗಾಳಿ ನೋಡೋಕೂ ಲೈಸೆನ್ಸು ಅಂದ್ರೆ, ನಾಳೆ ನಕ್ಷತ್ರ ನೋಡಿದ್ರೆ ರಸೀದಿ ಕೇಳ್ತಾರೆ” ಎಂದು ಒಂದು ಪಕ್ಷ. “ಸಿಡಿಲು ಹೊಡೆಯೋವಾಗ ಮರದ ಕೆಳಗೆ ನಿಂತು ಸೆಲ್ಫಿ ತಗೋತಾರೆ, ಏನಾದ್ರೂ ಆದ್ರೆ ಹೆತ್ತೋರ ಗತಿಯೇನು?” ಎಂದು ಇನ್ನೊಂದು ಪಕ್ಷ. ಎರಡೂ ಮಾತು ಸರಿಯೇ ಇತ್ತು. ಅದಕ್ಕೇ ಜಗಳ ಮುಗಿಯುತ್ತಿರಲಿಲ್ಲ, ಇಡ್ಲಿ ಮಾತ್ರ ಮುಗಿಯುತ್ತಿತ್ತು.

“ತರಬೇತಿ, ಪರೀಕ್ಷೆ ಎಲ್ಲಾ ಇಡ್ತಾರಂತೆ ಕಣೇ. ಯೋಚನೆ ಮಾಡು,” ಎಂದರು ಯಜಮಾನರು.

“ಇಡ್ಲಿ ಬಿಡ್ರೀ. ಪರೀಕ್ಷೆಗೆ ಹೆದರೋದು ನಿಮ್ಮ ಸ್ಕೂಲಿನ ಮಕ್ಕಳು. ನಾನಲ್ಲ.”

ಸಾರ್ವಜನಿಕರ ಅಭಿಪ್ರಾಯ ಕೇಳಲು ಕೋಲಾರದಲ್ಲಿ ಸಭೆ ಕರೆದರು. ಯಾರು ಬೇಕಾದರೂ ಬಂದು ಪರವಾಗಿಯೋ ವಿರೋಧವಾಗಿಯೋ ಮಾತಾಡಬಹುದಿತ್ತು. ನಾನು ಕನ್ನಡಿಯ ಮುಂದೆ ನಿಂತು ಭಾಷಣ ಉರು ಹೊಡೆದೆ. ಸಂದರ್ಭಕ್ಕೆ ಗಾಂಭೀರ್ಯವಿರಲೆಂದು ಕಿತ್ತಳೆ ಬಣ್ಣದ ಒಂದು ಜಾಕೀಟು ಕೊಂಡು, ಬೆನ್ನ ಮೇಲೆ ‘ಬಿರುಗಾಳಿ ವೀಕ್ಷಕಿ’ ಎಂದು ದಾರದಲ್ಲಿ ಬರೆಸಲು ಟೈಲರಿಗೆ ಚೀಟಿ ಕೊಟ್ಟೆ. ಸಭೆಯ ದಿನ ಬೆಳಗ್ಗೆ ಅವಸರದಲ್ಲಿ ಅದನ್ನು ಇಸಕೊಂಡು, ಹಾಕಿಕೊಂಡು, ಯಜಮಾನರನ್ನು ಹಿಂದೆ ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಹಿಂದಿನಿಂದ ಬರುವ ಗಾಡಿಯವರು ಹಾರ್ನ್ ಹೊಡೆದು, ತಿರುಗಿ ನೋಡಿ, ನಕ್ಕು ಮುಂದೆ ಹೋಗುತ್ತಿದ್ದರು. ಜನಕ್ಕೆ ನನ್ನ ಮೇಲೆ ಎಷ್ಟು ಅಭಿಮಾನ ಎಂದುಕೊಂಡೆ!

ಸಭಾಂಗಣದ ಬಾಗಿಲಲ್ಲಿ ರೆಡ್ಡೆಪ್ಪ ಎದುರಾದ. ನನ್ನ ಬೆನ್ನು ನೋಡಿದ. ಒಂದೊಂದೇ ಅಕ್ಷರ ಕೂಡಿಸಿ ಓದಿದ.

“ಏನಕ್ಕಾ ಇದು? ‘ಬಿರುಗಾಳಿ ಭಿಕ್ಷುಕಿ’ ಅಂತ ಐತೆ?”

ನಾನು ಗರಕ್ಕನೆ ಯಜಮಾನರ ಕಡೆ ತಿರುಗಿದೆ. ಶ್ರೀನಿವಾಸಪುರದಿಂದ ಕೋಲಾರದವರೆಗೂ ಆ ಬೆನ್ನಿಗೆ ಮುಖ ಕೊಟ್ಟು ಕೂತಿದ್ದ ಮನುಷ್ಯ!

“ನೀವು ನೋಡ್ಲಿಲ್ವೇನ್ರೀ?”

“ನೋಡ್ದೆ ಕಣೇ. ಹೇಳಿದ್ರೆ ನೀನು ಅಲ್ಲೇ ಗಾಡಿ ತಿರುಗಿಸಿ ಟೈಲರ್ ಹತ್ರ ಜಗಳಕ್ಕೆ ಹೋಗ್ತೀಯ. ಸಭೆ ತಪ್ಪುತ್ತೆ ಅಂತ ಸುಮ್ನಿದ್ದೆ.”

ಸೀರೆಯ ಸೆರಗನ್ನು ಬೆನ್ನಿನ ಮೇಲೆ ಹೊದ್ದುಕೊಂಡು ಒಳಗೆ ಹೋದೆ. ಅಕ್ಷರ ಮುಚ್ಚಿತು. ಮಾನ ಅರ್ಧ ಮುಚ್ಚಿತು.

ವೇದಿಕೆಯ ಮೇಲೆ ಬೆಂಗಳೂರಿನಿಂದ ಬಂದಿದ್ದ ಹಿರಿಯ ಅಧಿಕಾರಿ ಮೇಡಂ ಕೂತಿದ್ದರು. ಬಿಳಿ ಕೂದಲು, ನೆಟ್ಟ ನೋಟ, ಕಡಿಮೆ ಮಾತು. ಮೊದಲು ರೆಡ್ಡೆಪ್ಪ ಮೈಕ್ ಹಿಡಿದ.

“ಮೇಡಂ, ಗಾಳಿ ನಮ್ಮ ತೋಟಕ್ಕೆ ನುಗ್ಗೋವಾಗ ಲೈಸೆನ್ಸ್ ತಗೊಂಡು ಬರುತ್ತಾ? ನಮ್ಮ ಕಾಯಿ ಉದುರೋದು ನಾವು ನೋಡೋಕೆ ಯಾರಪ್ಪಣೆ ಬೇಕು?”

ಸಭೆಯೆಲ್ಲ ಚಪ್ಪಾಳೆ! ನನ್ನ ಪಕ್ಕದಲ್ಲಿದ್ದ ಯಜಮಾನರೂ ಎರಡು ತಟ್ಟಿದರು. ಕಣ್ಣು ಬಿಟ್ಟೆ. ಮೂರನೆಯದು ಗಾಳಿಯಲ್ಲೇ ನಿಂತಿತು.

ಆಮೇಲೆ ನನ್ನ ಸರದಿ. “ಮಾನ್ಯ ಅಧ್ಯಕ್ಷರೇ, ಬಿರುಗಾಳಿ ಎಂಬುದು ಮಕ್ಕಳಾಟವಲ್ಲ,” ಎಂದು ಶುರು ಮಾಡಿದೆ. ಲೈಸೆನ್ಸಿಲ್ಲದ ಅಜ್ಞಾನಿಗಳ ಅಪರಾಧಗಳನ್ನು ಒಂದೊಂದಾಗಿ ಬಿಚ್ಚಿಟ್ಟೆ. ಅವರು ನಡುರಸ್ತೆಯಲ್ಲಿ ಗಾಡಿ ನಿಲ್ಲಿಸುತ್ತಾರೆ. ಕೀಲಿ ಗಾಡಿಯಲ್ಲೇ ಬಿಟ್ಟು ಓಡುತ್ತಾರೆ. ಮರದ ಕೆಳಗೆ ನಿಲ್ಲುತ್ತಾರೆ. ಫೋನ್ ನೋಡುತ್ತಾರೆಯೇ ಹೊರತು ಆಕಾಶ ನೋಡುವುದಿಲ್ಲ. “ಇಂಥವರಿಂದ ಅವರ ಪ್ರಾಣಕ್ಕೂ ಅಪಾಯ, ಅವರನ್ನು ನಂಬಿ ಜೊತೆಗೆ ಬಂದವರ ಪ್ರಾಣಕ್ಕೂ ಅಪಾಯ!” ಎಂದು ಮೇಜು ಗುದ್ದಿದೆ. ಮೇಡಂ ತಲೆಯಾಡಿಸಿದರು. ನನಗೆ ರೋಮಾಂಚನವಾಯಿತು.

ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದರು. ಗಿರಿಜಮ್ಮ! ಅವರಿಗೂ ಮಾವಿನ ತೋಟವಿತ್ತು. ತೋಟದವರ ಜೊತೆ ಬಂದಿದ್ದರು.

“ಮೇಡಂ, ನಂದೊಂದು ಪ್ರಶ್ನೆ. ಹುಬ್ಬು ಅರ್ಧಕ್ಕೆ ಬಿಟ್ಟು ಗಾಳಿ ಹಿಂದೆ ಓಡೋರಿಗೆ ಲೈಸೆನ್ಸ್ ಕೊಡ್ತೀರಾ?”

ಸಭೆ ಬಿದ್ದು ಬಿದ್ದು ನಕ್ಕಿತು. ಮೇಡಂ ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಹೇಳಿದರು:

“ಸರೋಜಮ್ಮನವರೇ, ಬೆಳಗಿನಿಂದ ಎಲ್ಲರೂ ಮಾತೇ ಆಡ್ತಿದ್ದಾರೆ. ಗಾಳಿ ಬೆನ್ನು ಹತ್ತೋದು ಅಂದ್ರೆ ಏನು ಅಂತ ನಮ್ಮಲ್ಲಿ ಯಾರೂ ಕಣ್ಣಾರೆ ನೋಡಿಲ್ಲ. ನೋಡದೆ ನಿಯಮ ಮಾಡೋದು ಹೇಗೆ? ಇವತ್ತು ಅಂಥದ್ದೇನಾದ್ರೂ ಇದ್ರೆ ತೋರಿಸಿ. ನಮ್ಮ ಜೀಪು ನಿಮ್ಮ ಹಿಂದೆ ಬರುತ್ತೆ.”

ನನ್ನ ಜೀವನದ ಮಹತ್ವದ ಗಳಿಗೆ! ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು ದಿಗಂತ ನೋಡಿದೆ. ಮಾಲೂರಿನ ದಿಕ್ಕಿನಲ್ಲಿ ದಟ್ಟ ಕಪ್ಪು ಮೋಡವೊಂದು ನೆಲದಿಂದಲೇ ಎದ್ದು ಆನೆಯ ಸೊಂಡಿಲಿನಂತೆ ಮೇಲಕ್ಕೆ ಹೋಗುತ್ತಿತ್ತು.

“ಅಗೋ ಮೇಡಂ! ಅದು ಸಾಮಾನ್ಯದ್ದಲ್ಲ. ಸುಂಟರಗಾಳಿಯ ಲಕ್ಷಣ!”

“ಹೌದಕ್ಕಾ, ಭಾರಿ ಐತೆ,” ಎಂದ ರೆಡ್ಡೆಪ್ಪ. ಅವನೂ ಒಪ್ಪಿದ ಮೇಲೆ ಇನ್ನೇನು?

ಮೆರವಣಿಗೆ ಹೊರಟಿತು. ಮುಂದೆ ನನ್ನ ಸ್ಕೂಟರು. ಹಿಂದೆ ಮೇಡಂ ಜೀಪು. ಅದರ ಹಿಂದೆ ರೆಡ್ಡೆಪ್ಪನ ಬೈಕು. ತಮಾಷೆ ನೋಡಲು ಗಿರಿಜಮ್ಮ ಮತ್ತಿತರರು ತುಂಬಿದ್ದ ಒಂದು ಆಟೋ. ಊರು ದಾಟಿ ಮಾಲೂರು ರಸ್ತೆಗೆ ಬಿದ್ದೆವು. ಗಾಳಿಗೆ ಸೆರಗು ಹಾರಿ ‘ಬಿರುಗಾಳಿ ಭಿಕ್ಷುಕಿ’ ಜೀಪಿನವರ ದರ್ಶನಕ್ಕೆ ಮುಕ್ತವಾಗಿ ತೆರೆದುಕೊಂಡಿತ್ತು. ನಾನು ಲೆಕ್ಕಿಸಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಯಜಮಾನರು ಭುಜ ತಟ್ಟಿದರು.

“ಏನೇ, ಹಿಂದುಗಡೆ ಸ್ವಲ್ಪ ಕತ್ತಲೆ ಆಗ್ತಿರೋ ಹಾಗಿದೆಯಲ್ಲಾ?”

“ಹಿಂದೆ ನೋಡ್ಬೇಡ್ರೀ! ಅನುಭವಸ್ಥರು ಯಾವಾಗ್ಲೂ ಮುಂದೆ ನೋಡ್ಬೇಕು.”

ಮುಂದೆ ನೋಡುತ್ತಲೇ ಹೋದೆ. ಮೋಡ ಹತ್ತಿರವಾಯಿತು. ವಿಚಿತ್ರವೆಂದರೆ, ಎಷ್ಟು ಹತ್ತಿರ ಹೋದರೂ ಅದು ನಿಂತ ಜಾಗ ಬಿಟ್ಟು ಕದಲಲಿಲ್ಲ. ಮೂಗಿಗೆ ಏನೋ ಸುಟ್ಟ ವಾಸನೆ ಬಂತು. ಒಂದು ತಿರುವು ದಾಟಿದೆವು. ಎದುರಿಗೆ ಇಟ್ಟಿಗೆ ಗೂಡು! ಅದರ ನೆತ್ತಿಯಿಂದ ಕರ್ರಗೆ, ನೆಮ್ಮದಿಯಾಗಿ, ಯಾವ ಸುಂಟರಗಾಳಿಯ ಸಂಬಂಧವೂ ಇಲ್ಲದೆ ಅದು ಮೇಲೇಳುತ್ತಿತ್ತು.

ರೆಡ್ಡೆಪ್ಪ ಬೈಕ್ ನಿಲ್ಲಿಸಿ ತಲೆ ಮೇಲೆ ಕೈಯಿಟ್ಟುಕೊಂಡ. “ಅಯ್ಯೋ, ಇದಿ ಮಬ್ಬು ಕಾದಕ್ಕಾ, ಮೋಡ ಅಲ್ಲ! ಪೊಗ! ಹೊಗೆ!”

“ನೀನೂ ಮೋಡ ಅಂದ್ಯಲ್ಲೋ?”

“ನೀವು ಅಂದ್ರಲ್ಲ ಅಂತ ನಾನೂ ಅಂದೆ!”

ಜೀಪಿನಿಂದ ಮೇಡಂ ಇಳಿದರು. ಗೂಡಿನ ಕಡೆ ನೋಡಿದರು. ನನ್ನ ಕಡೆ ನೋಡಿದರು. ಆಟೋದಿಂದ ಗಿರಿಜಮ್ಮನ ನಗು ಕೇಳಿಸಿತು. ಭೂಮಿ ಬಾಯಿ ಬಿಟ್ಟರೆ ಸ್ಕೂಟರ್ ಸಮೇತ ಇಳಿದುಬಿಡೋಣ ಎನಿಸಿತು.

ಭೂಮಿ ಬಾಯಿ ಬಿಡಲಿಲ್ಲ. ಆಕಾಶ ಬಿಟ್ಟಿತು.

ಬೆನ್ನ ಹಿಂದಿನಿಂದ ಧಡಾರನೆ ಗುಡುಗು! ತಿರುಗಿದರೆ ಕೋಲಾರದ ಕಡೆಯ ಆಕಾಶ ಪೂರ್ತಿ ಮಸಿ ಬಳಿದಂತಾಗಿದೆ. ಅದರ ಕೆಳಗೆ ಧೂಳಿನ ಗೋಡೆಯೊಂದು ಬಯಲನ್ನು ನುಂಗಿಕೊಂಡು ನಮ್ಮತ್ತ ಬರುತ್ತಿದೆ. ಅಷ್ಟು ಹೊತ್ತೂ ನಿಜವಾದ ಬಿರುಗಾಳಿ ನಮ್ಮ ಹಿಂದೆಯೇ ಇತ್ತು! ನಾವು ಅದರ ಬೆನ್ನು ಹತ್ತಿರಲಿಲ್ಲ. ಅದೇ ನಮ್ಮ ಬೆನ್ನು ಹತ್ತಿತ್ತು.

“ಎಲ್ಲರೂ ಗಾಡಿ ಒಳಗೆ ಬನ್ನಿ!” ಎಂದರು ಮೇಡಂ. ನನಗೆ ಆ ಮಾತು ಕೇಳಿಸಿತೇ? ಇಲ್ಲ. ಹೋದ ಮಾನವನ್ನು ಮರಳಿ ಪಡೆಯಲು ಇದೊಂದೇ ದಾರಿ, ಇಂಥ ದೃಶ್ಯ ಮತ್ತೆ ಸಿಗದು ಎಂಬುದಷ್ಟೇ ತಲೆಯಲ್ಲಿತ್ತು. ಸ್ಕೂಟರನ್ನು ರಸ್ತೆಯ ನಡುವೆಯೇ ಬಿಟ್ಟೆ. ಕೀಲಿ ಅದರಲ್ಲೇ ಇತ್ತು. ಫೋನ್ ಹಿಡಿದು ಓಡಿದೆ. ರಸ್ತೆ ಬದಿಯ ಹುಣಸೆಮರದ ಕೆಳಗೆ ನಿಂತು ವಿಡಿಯೊ ಶುರು ಮಾಡಿದೆ. ಫೋನಿನಲ್ಲಿ ಮೋಡ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಆಕಾಶದ ಕಡೆ ಕಣ್ಣೆತ್ತುವುದು ಬೇಕೇ ಆಗಲಿಲ್ಲ.

ಸ್ವಲ್ಪ ಹೊತ್ತಿನ ಹಿಂದೆ ಮೇಜು ಗುದ್ದಿ ಹೇಳಿದ್ದ ಅಪರಾಧಗಳಲ್ಲಿ ಒಂದನ್ನೂ ನಾನು ಬಾಕಿ ಉಳಿಸಲಿಲ್ಲ.

ಮರ ಜೋರಾಗಿ ತೂಗತೊಡಗಿತು. ತಲೆಯ ಮೇಲೆ ಏನೋ ಲಟಲಟ ಎಂದಿತು. ಆಗ ಕೇಳಿಸಿತು ಒಂದು ಕೂಗು.

“ಸರೋಜಾ!”

ಮದುವೆಯಾದಾಗಿನಿಂದ ನನ್ನ ಯಜಮಾನರು ನನ್ನನ್ನು ಹೆಸರು ಹಿಡಿದು ಕೂಗಿದ್ದಿಲ್ಲ. ‘ಏನೇ’, ‘ಕೇಳಿಸ್ತೇನೇ’ ಎಂಬಷ್ಟರಲ್ಲೇ ನಮ್ಮ ಸಂಸಾರ ನಡೆದಿತ್ತು. ಆಶ್ಚರ್ಯದಿಂದ ತಿರುಗಿದೆ. ಗುಡುಗಿಗೆ ಕಿವಿ ಮುಚ್ಚಿಕೊಳ್ಳುವ ಆ ಮನುಷ್ಯ ಗಾಳಿಗೆ ಎದೆ ಕೊಟ್ಟು ಓಡಿ ಬಂದು, ನನ್ನ ರಟ್ಟೆ ಹಿಡಿದು ದರದರನೆ ಎಳೆದರು. ಇಬ್ಬರೂ ರಸ್ತೆಯ ಆಚೆ ಬದಿಗೆ ಮುಗ್ಗರಿಸಿ ಬಿದ್ದೆವು. ನಾನು ನಿಂತಿದ್ದ ಜಾಗಕ್ಕೆ ಹುಣಸೆಯ ಕೊಂಬೆ ಬಂದು ಬಿತ್ತು. ಅದರ ತುದಿ ಸ್ಕೂಟರಿಗೂ ಬಡಿದು ಅದನ್ನು ಮಲಗಿಸಿತು.

ಇಬ್ಬರೂ ಎದ್ದು ಕೂತೆವು. “ರೀ, ರಟ್ಟೆ ನೋಯ್ತಿದೆ,” ಎಂದೆ. ಆದರೂ ಬಿಡಲಿಲ್ಲ.

“ಇಲ್ಲಿ ಬನ್ನಿ! ಅಕ್ಕಾ, ಮೇಷ್ಟ್ರೇ, ಇಲ್ಲಿ!” ರೆಡ್ಡೆಪ್ಪ ಕೂಗಿದ. ಪಕ್ಕದಲ್ಲಿ ಟೊಮೆಟೊ ಲೋಡ್ ಮಾಡುವ ಒಂದು ಶೆಡ್ಡಿತ್ತು. ಮರದ ಹತ್ತಿರ ಜೀಪಿನಲ್ಲಿ ಕೂರುವುದೂ ಬೇಡವೆಂದು ಮೇಡಂ, ಗಿರಿಜಮ್ಮ ಎಲ್ಲರೂ ಅಲ್ಲಿಗೆ ನುಗ್ಗಿದ್ದರು. ನಾವೂ ನುಗ್ಗಿದೆವು. ನಾವು ಒಳಗೆ ಕಾಲಿಡುವುದಕ್ಕೂ ಶೆಡ್ಡಿನ ಅರ್ಧ ತಗಡು ಕಿತ್ತು ಹಾರಿಹೋಗುವುದಕ್ಕೂ ಸರಿಹೋಯಿತು! ಹಿಂದೆಯೇ ಆಲಿಕಲ್ಲು. ನೆಲ್ಲಿಕಾಯಿ ಗಾತ್ರದ ಕಲ್ಲುಗಳು ತಲೆ, ಬೆನ್ನು, ಮೂಗು ಎನ್ನದೆ ಬಡಿಯತೊಡಗಿದವು.

“ಕ್ರೇಟು! ಕ್ರೇಟು ತಲೆ ಮೇಲೆ ಹಾಕ್ಕೊಳ್ಳಿ!” ಎಂದ ರೆಡ್ಡೆಪ್ಪ.

ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟುಗಳು ರಾಶಿ ಬಿದ್ದಿದ್ದವು. ಎಲ್ಲರೂ ಒಂದೊಂದು ಬೋರಲು ಹಾಕಿಕೊಂಡು ಕುಕ್ಕರುಗಾಲಿನಲ್ಲಿ ಕೂತೆವು. ಕ್ರೇಟು ಕಲ್ಲನ್ನು ತಡೆಯುತ್ತದೆ, ನೀರನ್ನು ತಡೆಯುವುದಿಲ್ಲ. ತಳದಲ್ಲಿ ಅಂಟಿದ್ದ ಕೊಳೆತ ಟೊಮೆಟೊ ನೀರಿನೊಂದಿಗೆ ಕರಗಿ ಹಣೆಯಿಂದ ಇಳಿಯತೊಡಗಿತು. ನನ್ನ ಎದುರಿಗೇ, ರಾಜ್ಯದ ಹಿರಿಯ ಅಧಿಕಾರಿಯೊಬ್ಬರು ಹಸಿರು ಕ್ರೇಟಿನ ಕಿಂಡಿಗಳಿಂದ ನನ್ನನ್ನು ನೆಟ್ಟ ನೋಟದಲ್ಲಿ ನೋಡುತ್ತಿದ್ದರು. ಅವರ ಬಿಳಿ ಕೂದಲು ಕೆಂಪಾಗಿತ್ತು. ಫೇಶಿಯಲ್ ಮಾಡುವಾಗ ನಾನೇ ಎಷ್ಟೋ ಹೆಂಗಸರ ಮುಖಕ್ಕೆ ಟೊಮೆಟೊ ಹಚ್ಚಿದ್ದೇನೆ. ಆ ಹೊತ್ತಿನಲ್ಲಿ ಚರ್ಮಕ್ಕೆ ಅದು ಒಳ್ಳೆಯದು ಎಂದು ಹೇಳುವ ಧೈರ್ಯ ಬರಲಿಲ್ಲ.

ಗಾಳಿ ಬಂದಷ್ಟೇ ಬೇಗ ಹೋಯಿತು. ನಾವು ಒಬ್ಬೊಬ್ಬರಾಗಿ ಕ್ರೇಟಿನಿಂದ ಹೊರಬಂದೆವು. ಯಾರಿಗೂ ದೊಡ್ಡ ಪೆಟ್ಟಾಗಿರಲಿಲ್ಲ. ರಸ್ತೆಗೆ ಬಿದ್ದ ಕೊಂಬೆಯನ್ನು ಎಲ್ಲರೂ ಸೇರಿ ಎಳೆದು ಹಾಕಿದರು. ಮೇಡಂ ಕರವಸ್ತ್ರದಿಂದ ಮುಖ ಒರೆಸಿಕೊಂಡು ನನ್ನ ಹತ್ತಿರ ಬಂದರು.

“ಮೇಡಂ, ದಯವಿಟ್ಟು ಕ್ಷಮಿಸಿ,” ಎಂದೆ.

“ಕ್ಷಮೆ ಯಾಕೆ ಸರೋಜಮ್ಮನವರೇ? ಲೈಸೆನ್ಸ್ ಬೇಕೋ ಬೇಡವೋ ಅಂತ ಬೆಳಗಿನಿಂದ ನನಗೆ ತೀರ್ಮಾನ ಆಗಿರಲಿಲ್ಲ. ನಿಮ್ಮ ಭಾಷಣ ಕೇಳಿದ ಮೇಲೂ ಆಗಿರಲಿಲ್ಲ.” ಕೂದಲಿನಿಂದ ಒಂದು ಟೊಮೆಟೊ ಸಿಪ್ಪೆ ತೆಗೆದು ಹಾಕಿ ಹೇಳಿದರು: “ಈಗ ಆಯ್ತು. ಖಂಡಿತ ಬೇಕು.”

ಒಂದು ಕಾನೂನಿನ ಪರವಾಗಿ ಇಷ್ಟು ಬಲವಾದ ಸಾಕ್ಷ್ಯವನ್ನು ಬೇರೆ ಯಾವ ಪ್ರಜೆಯೂ ಒದಗಿಸಿರಲಿಕ್ಕಿಲ್ಲ!

ಸ್ಕೂಟರಿನ ಹ್ಯಾಂಡಲ್ ಸೊಟ್ಟಗಾಗಿತ್ತು. ರೆಡ್ಡೆಪ್ಪ ಯಾರದೋ ಗೂಡ್ಸ್ ಆಟೋ ನಿಲ್ಲಿಸಿ, ಸ್ಕೂಟರನ್ನೂ ನಮ್ಮನ್ನೂ ಅದಕ್ಕೆ ಹತ್ತಿಸಿದ. ಟೊಮೆಟೊ ಕ್ರೇಟುಗಳ ಮಧ್ಯೆ ಕೂತು ಊರಿಗೆ ಬರುವಾಗ ನಾನೇ ಮೆಲ್ಲಗೆ ಕೇಳಿದೆ.

“ಬಯ್ಯಲ್ವೇನ್ರೀ?”

“ಈಗ ಕೈ ನಡುಗ್ತಿದೆ ಕಣೇ. ನಾಳೆ ಬಯ್ತೀನಿ,” ಎಂದರು.

ಮರುದಿನ ನಿಜವಾಗಿಯೂ ಬೈದರು. ತಿಂಡಿ ಮುಗಿಸಿ, ಕೈ ತೊಳೆದುಕೊಂಡು ಬಂದು, ಕ್ರಮಬದ್ಧವಾಗಿ ಬೈದರು. ನಾನು ತಲೆ ತಗ್ಗಿಸಿ ಕೇಳಿದೆ. ಕೊನೆಗೆ, “ಪೂರ್ತಿ ಬಿಟ್ಬಿಡು ಅಂತ ಹೇಳಲ್ಲ. ಹೇಳಿದ್ರೂ ನೀನು ಬಿಡಲ್ಲ. ಆದ್ರೆ ಕಲಿತು ಮಾಡು,” ಎಂದರು.

ಲೈಸೆನ್ಸಿನ ವಿಷಯ ಇನ್ನೂ ಚರ್ಚೆಯಲ್ಲೇ ಇದೆ. ಹೊಸಬರು ಕೆಲವು ಕಾಲ ಅನುಭವಸ್ಥರ ಹಿಂದೆ ಹೋಗಿ ಕಲಿಯಬೇಕೆಂಬ ಮಾತೊಂದು ಅದಕ್ಕೆ ಹೊಸದಾಗಿ ಸೇರಿದೆಯಂತೆ. ನನ್ನ ಪಾಲಿನ ಅನುಭವಸ್ಥ ಯಾರೆಂದುಕೊಂಡಿರಿ? ರೆಡ್ಡೆಪ್ಪ! ಯಜಮಾನರೇ ಅವನನ್ನು ಮನೆಗೆ ಕರೆದು ಕಾಫಿ ಕೊಟ್ಟು ಮಾತಾಡಿದರು.

“ಅಕ್ಕಾ, ನನಗೂ ಜಾಸ್ತಿ ಏನೂ ಗೊತ್ತಿಲ್ಲ. ಆದ್ರೆ ಓಡೋದು ಯಾವಾಗ ಅಂತ ಗೊತ್ತು. ನಾನು ಕೈ ಎತ್ತಿದ್ರೆ ನಿಲ್ಲಿಸ್ಬೇಕು. ನಾನು ಓಡಿದ್ರೆ ಓಡ್ಬೇಕು. ಅಷ್ಟೇ,” ಎಂದ. ನಾನು ಒಳ್ಳೆಯ ವಿದ್ಯಾರ್ಥಿನಿಯಂತೆ ತಲೆಯಾಡಿಸಿದೆ.

ಸ್ಕೂಟರ್ ರಿಪೇರಿಯಾಗಿ ಬಂದ ದಿನ ಯಜಮಾನರು ಎರಡು ಬಿಳಿ ರಟ್ಟುಗಳ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ ‘ಎಲ್’ ಬರೆದು, ಮುಂದೊಂದು ಹಿಂದೊಂದು ಅಂಟಿಸಿದರು. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು. ಅದನ್ನು ಹಾಕಿಕೊಂಡೇ ಪಾರ್ಲರಿಗೆ ಹೋದೆ. ಬಾಗಿಲಲ್ಲಿ ಕಾಯುತ್ತಿದ್ದ, ಊರಿಗೆ ಹೊಸದಾಗಿ ಬಂದ ಹೆಣ್ಣುಮಗಳೊಬ್ಬಳು ಸ್ಕೂಟರನ್ನೂ ನನ್ನನ್ನೂ ನೋಡಿದಳು.

“ಏನಕ್ಕಾ, ಈ ವಯಸ್ಸಲ್ಲಿ ಕಲೀತಿದ್ದೀರಾ ಗಾಡಿ?”

“ಗಾಡಿ ಅಲ್ಲಮ್ಮಾ, ಗಾಳಿ,” ಎಂದೆ ಗಂಭೀರವಾಗಿ.

ಅವಳಿಗೆ ಏನು ಕೇಳಿಸಿತೋ ಏನೋ. ಮರುಕದಿಂದ ನನ್ನ ಕೈ ಹಿಡಿದುಕೊಂಡು ಹೇಳಿದಳು: “ಹೆದರ್ಕೋಬೇಡಿ ಅಕ್ಕಾ. ಮೊದಲು ಖಾಲಿ ಮೈದಾನದಲ್ಲಿ ರೌಂಡ್ ಹೊಡೀರಿ. ಎಲ್ಲಾ ಬರುತ್ತೆ.”